ದಿಲ್ಲಿ ತಡೆದು ತಡೆದು ಹೇಳಿದ ಸುದ್ದಿ

ಹೋದ ತಿಂಗಳು ಫ್ರಿಜ್ಜಿಗೆಂದು ಅಟ್ಟದ ಮೇಲಿನ ಹಳೆಯ ಸ್ಟೆಬಿಲೈಸರ್ ಇಳಿಸಿ ಹಚ್ಚಿದೆವು. ಸ್ವಿಚ್ಚು ಒತ್ತಿ ಎರಡು ನಿಮಿಷ ಆಗಿತ್ತೋ ಇಲ್ಲವೋ, ಅಡುಗೆಮನೆಯ ತುಂಬ ಕಾದ ಧೂಳಿನ ವಾಸನೆ ಹರಡಿತು. ಸುಟ್ಟ ವಾಸನೆಯಲ್ಲ. ವರ್ಷಗಟ್ಟಲೆ ತಣ್ಣಗೆ ಕೂತ ಧೂಳು ಒಳಗಿನ ಬಿಸಿಗೆ ಮೆಲ್ಲಗೆ ಬೆಚ್ಚಗಾಗುವಾಗ ಏಳುವ, ತುಸು ಕಮಟು, ತುಸು ಸಿಹಿ ವಾಸನೆ. ಮಗಳು ಗಾಬರಿಯಾಗಿ ಓಡಿಬಂದು ಸ್ವಿಚ್ಚು ಆರಿಸಿ, ಏನಾಯಿತು ಎಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತವಳು ಮಾತಾಡಲಿಲ್ಲ. ಮಾತಾಡಬಾರದು ಎಂದು ಮೈ ತಾನಾಗಿಯೇ ತೀರ್ಮಾನ ಮಾಡಿಬಿಟ್ಟಿತ್ತು. ನಿಮ್ಮ ಮನೆಯಲ್ಲೂ ಹಿಂದೆ ವಾಲ್ವಿನ ರೇಡಿಯೋ ಇದ್ದಿದ್ದರೆ ಆ ವಾಸನೆ ನಿಮಗೆ ಗೊತ್ತಿರುತ್ತದೆ. ಕಿವಿಯನ್ನು, ಎಂದರೆ ಗುಂಡಿಯನ್ನು, ತಿರುವಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಮೊದಲು ಗಾಜಿನ ಹಿಂದೆ ಹಳದಿ ದೀಪ ಹತ್ತಬೇಕು, ಆಮೇಲೆ ಈ ವಾಸನೆ ಏಳಬೇಕು, ಅದಾದ ಮೇಲೆ ದೂರದಿಂದ ಯಾರೋ ನಡೆದು ಬಂದಂತೆ ದನಿ ಬರಬೇಕು. ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಆ ವಾಸನೆ ಎದ್ದಿತೆಂದರೆ ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿಯುತ್ತಿದ್ದರು.

ಆಗಿನ್ನೂ ಊರನ್ನು ಎಲ್ಲರೂ ವಿಜಾಪುರ ಎನ್ನುತ್ತಿದ್ದರು. ನಮ್ಮ ಮನೆ ಸ್ಟೇಷನ್ ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಓಣಿಯಲ್ಲಿತ್ತು. ಮುಂದಿನ ಎರಡು ಖೋಲಿಗಳಲ್ಲಿ ಅಪ್ಪನ ಪ್ರೆಸ್ಸು, ಹಿಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಆಮೇಲೆ ನಳ ಇದ್ದ ಹಿತ್ತಿಲು. ಅಪ್ಪ ಅಲ್ಲಿಂದ ನಾಲ್ಕು ಪುಟದ ಒಂದು ಸಂಜೆ ಪತ್ರಿಕೆ ಹೊರಡಿಸುತ್ತಿದ್ದ. ದೊಡ್ಡ ಪತ್ರಿಕೆಗಳು ಹುಬ್ಬಳ್ಳಿಯಿಂದ ಮರುದಿನ ಬೆಳಿಗ್ಗೆ ಬರುತ್ತಿದ್ದವು. ನಮ್ಮದು ಹಿಂದಿನ ಸಂಜೆಯೇ ಓಣಿ ಸುತ್ತಿ, ಕೊನೆಯ ಬಸ್ಸಿನಲ್ಲಿ ತಿಕೋಟಾಕ್ಕೂ ಬಬಲೇಶ್ವರಕ್ಕೂ ಹೋಗಿಬಿಡುತ್ತಿತ್ತು. ಆ ಅರ್ಧ ದಿನದ ಮುನ್ನಡೆಯೇ ಅಪ್ಪನ ಇಡೀ ಬಂಡವಾಳ. ಅಚ್ಚಿನ ಮೊಳೆ ಜೋಡಿಸುವವರು ತಿಕೋಟಾದ ದಸ್ತಗೀರ ಚಾಚಾ. ಅವರ ಬೆರಳ ತುದಿಗಳು ಸೀಸದಿಂದ ಯಾವಾಗಲೂ ಕಪ್ಪಗೆ ಹೊಳೆಯುತ್ತಿದ್ದವು. ಸ್ಥಳೀಯ ಸುದ್ದಿ ಅಪ್ಪನೇ ಸೈಕಲ್ಲಿನ ಮೇಲೆ ತಿರುಗಿ ತರುತ್ತಿದ್ದ. ದೇಶದ ಸುದ್ದಿಗೆ ಮಾತ್ರ ಟೆಲಿಪ್ರಿಂಟರು ಹಾಕಿಸುವ ತಾಕತ್ತು ನಮಗಿರಲಿಲ್ಲ. ಅದಕ್ಕೆ ಸರಕಾರದ ರೇಡಿಯೋ ಇತ್ತು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಎಲ್ಲರೂ ಕೇಳುವ ವಾರ್ತೆಗಳಲ್ಲದೆ, ದಿಲ್ಲಿಯಿಂದ ದಿನವೂ ಇನ್ನೊಂದು ವಾರ್ತೆ ಬರುತ್ತಿತ್ತು. ‘ಧೀಮೀ ಗತಿ ಕೇ ಸಮಾಚಾರ್’, ಎಂದರೆ ನಿಧಾನದ ವಾರ್ತೆ, ಎಂದು ಅದರ ಹೆಸರು. ನಮ್ಮಂಥ ಬಡ ಪತ್ರಿಕೆಗಳು ಬರೆದುಕೊಳ್ಳಲಿ ಎಂದೇ ಅದನ್ನು ಇಟ್ಟಿದ್ದರು. ಓದುವವನು ನಾಲ್ಕೈದು ಶಬ್ದ ಹೇಳಿ ತಡೆಯುತ್ತಿದ್ದ, ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದ, ಮತ್ತೆ ತಡೆಯುತ್ತಿದ್ದ, ವಾಕ್ಯ ಮುಗಿದಲ್ಲಿ ‘ಪೂರ್ಣವಿರಾಮ್’ ಎನ್ನುತ್ತಿದ್ದ. ಯುದ್ಧವಿರಲಿ, ಪ್ರವಾಹವಿರಲಿ, ಮಂತ್ರಿಗಳ ಭಾಷಣವಿರಲಿ, ಎಲ್ಲಕ್ಕೂ ಒಂದೇ ದನಿ, ಒಂದೇ ನಡಿಗೆ. ಹಾಗೆ ಕೇಳುತ್ತ ಕೂತರೆ ಜಗತ್ತಿನಲ್ಲಿ ಅವಸರದ ಕೆಲಸ ಯಾವುದೂ ಇಲ್ಲವೆನ್ನಿಸುತ್ತಿತ್ತು. ಅದನ್ನು ಬರೆದುಕೊಳ್ಳುತ್ತಿದ್ದವಳು ಅಪ್ಪನ ತಂಗಿ, ನಮ್ಮ ಗೌರತ್ತಿ.

ಗೌರತ್ತಿಯನ್ನು ತಿಕೋಟಾಕ್ಕೆ ಕೊಟ್ಟಿದ್ದರು. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ವಿಷಮಜ್ವರದಿಂದ ತೀರಿಕೊಂಡ ಮೇಲೆ ಆಕೆ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ನನ್ನ ತಿಳಿವಳಿಕೆ ಕಣ್ಣು ಬಿಡುವ ಮೊದಲೇ ಆದದ್ದು ಇದು. ಬಂದವಳು ಸುಮ್ಮನೆ ಕೂರಲಿಲ್ಲ, ಹಿಂದಿನ ಓಣಿಯ ಮಾಸ್ತರರೊಬ್ಬರ ಬಳಿ ಹಿಂದಿ ಕಲಿತು ಒಂದರ ಮೇಲೊಂದು ಪರೀಕ್ಷೆ ಕಟ್ಟಿ ಪಾಸಾದಳು. ರೇಡಿಯೋದವನು ಮೊದಲ ಸಲ ಹೇಳಿದ್ದನ್ನು ಕಿವಿಗೊಟ್ಟು ಕೇಳುವುದು, ಎರಡನೆಯ ಸಲ ಹೇಳುವಷ್ಟರಲ್ಲಿ ಅದನ್ನು ಕನ್ನಡದಲ್ಲಿ ಬರೆದು ಮುಗಿಸುವುದು, ಇದು ಆಕೆಯ ಪದ್ಧತಿ. ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ನೀಲಿ ಶಾಯಿಯಲ್ಲಿ ಅಕ್ಷರಗಳು ಸಾಲಾಗಿ ಇಳಿಯುತ್ತಿದ್ದವು. ಹೊಡೆದು ತಿದ್ದುವುದಕ್ಕೆ ವೇಳೆಯೇ ಇರುತ್ತಿರಲಿಲ್ಲ. ವಾರ್ತೆ ಮುಗಿದ ಗಳಿಗೆಗೆ ಅತ್ತಿ ಪೆನ್ನಿನ ಮುಚ್ಚಳ ಹಾಕಿ ತಟ್ಟನೆ ಎದ್ದು, ಪಟ್ಟಿಗಳನ್ನು ಬಾಗಿಲ ಸಂದಿನಿಂದ ಚಾಚಾನ ಕೈಗೆ ಕೊಡುತ್ತಿದ್ದಳು. ಆ ನಾಲ್ಕು ಹೆಜ್ಜೆ ನಡೆಯುವಾಗ ಆಕೆಯ ಬೆನ್ನು ನೆಟ್ಟಗಿರುತ್ತಿತ್ತು. ಉಳಿದ ಹೊತ್ತಿನಲ್ಲಿ ಹಾಗೆ ನಡೆದದ್ದನ್ನು ನಾನು ನೋಡಿಲ್ಲ.

ಒಂದು ಶಬ್ದ ತಪ್ಪಿದರೆ ಮರಳಿ ಕೇಳುವ ಉಪಾಯ ಇರಲಿಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ನಮ್ಮ ಮನೆ, ಮನೆಯೇನು ಅರ್ಧ ಓಣಿ, ಬಾಯಿ ಕಟ್ಟಿಕೊಂಡಿರುತ್ತಿತ್ತು. ಅಪ್ಪ ಮುಂಬಾಗಿಲ ಚಿಲಕಕ್ಕೆ ಒಂದು ಕೆಂಪು ಬಟ್ಟೆ ತೂಗುಹಾಕುತ್ತಿದ್ದ. ಬಳೆಗಾರ, ಹಳೆ ಸಾಮಾನಿನವನು, ತರಕಾರಿ ಬುಟ್ಟಿಯವಳು, ಎಲ್ಲರಿಗೂ ಆ ಗುರುತು ಗೊತ್ತಿತ್ತು. ಬಟ್ಟೆ ಕಂಡರೆ ಕೂಗದೆ ಮುಂದೆ ಹೋಗುತ್ತಿದ್ದರು. ಬಾಜೂ ಮನೆಯ ಕಂಚಗಾರ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ. ಪ್ರೆಸ್ಸಿನ ಟ್ರೆಡಲ್ ಯಂತ್ರ ನಿಲ್ಲುತ್ತಿತ್ತು. ಭೂತನಾಳ ಕೆರೆಯ ನೀರು ನಳಕ್ಕೆ ಬರುವ ಹೊತ್ತೂ ಎಷ್ಟೋ ದಿನ ಅದೇ ಆಗಿರುತ್ತಿತ್ತು. ನೀರು ಕೊಡಕ್ಕೆ ಬೀಳುವ ಸಪ್ಪಳ ಪಡಸಾಲೆಗೆ ಕೇಳಬಾರದೆಂದು ಅವ್ವ ಕೊಡದ ಬಾಯೊಳಗೆ ಒಂದು ಹಳೆ ಬಟ್ಟೆ ಇಳಿಬಿಟ್ಟು, ನೀರು ಅದರ ಗುಂಟ ಜಾರಿ ಇಳಿಯುವಂತೆ ಮಾಡುತ್ತಿದ್ದಳು. ಬೇರೆ ಊರಿನಿಂದ ಬಂದ ನೆಂಟರು ಇದನ್ನೆಲ್ಲ ನೋಡಿ ಈ ಮನೆಗೆ ಏನೋ ಬಡಿದಿದೆ ಎಂದುಕೊಂಡು ಹೋದದ್ದೂ ಉಂಟು.

ಈ ಮೌನಕ್ಕೆ ಕಾವಲು ನಮ್ಮ ಆಯಿ, ಅಪ್ಪನ ತಾಯಿ. ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಬಳಿ ಮಡಿಚಿದ ಕಂಬಳಿಯ ಮೇಲೆ ಆಕೆ ಕೂರುತ್ತಿದ್ದಳು. ಕೈಯಲ್ಲೊಂದು ಬೇವಿನ ಕಡ್ಡಿ, ಬೆಕ್ಕು ಬಂದರೆ ಓಡಿಸಲು. ನಾನೋ ಇನ್ಯಾರೋ ತುಟಿ ಅಲುಗಿಸಿದರೆ ಆಕೆ ಬೈಯುತ್ತಿರಲಿಲ್ಲ, ಬೈದರೆ ಅದೂ ಸಪ್ಪಳವೇ ಅಲ್ಲವೇ. ತೋರುಬೆರಳನ್ನು ತುಟಿಯ ಮೇಲೆ ಇಟ್ಟು ನಮ್ಮನ್ನು ನೋಡುತ್ತಿದ್ದಳು, ಅಷ್ಟೇ. ಓದು ಬರಹ ಬಾರದ ಆಯಿಗೆ ರೇಡಿಯೋ ಬಗ್ಗೆ ತನ್ನದೇ ಒಂದು ಲೆಕ್ಕಾಚಾರವಿತ್ತು. ದಿಲ್ಲಿಯಲ್ಲಿ ಕೂತ ಆ ಮನುಷ್ಯ ತನ್ನ ಮಗಳಿಗಾಗಿಯೇ ನಿಧಾನವಾಗಿ ಹೇಳುತ್ತಾನೆ ಎಂದು ಆಕೆ ಗಟ್ಟಿಯಾಗಿ ನಂಬಿದ್ದಳು. “ನಮ್ಮ ಗೌರವ್ವ ಬರಕೊಳ್ಳಾಕತ್ತಾಳಂತ ಅವಗ ಗೊತ್ತೈತಿ, ಪಾಪ, ತಡದು ತಡದು ಎರಡೆರಡ ಸಲ ಹೇಳ್ತಾನ. ಚೊಲೋ ಮನಿತನದಾಂವ ಇರಬೇಕು,” ಎನ್ನುತ್ತಿದ್ದಳು. ಚಾಚಾ ನಕ್ಕು, “ಹೌದ್ರಿ ಅವ್ವಾರ, ಮುಂದಿನ ಸಲ ಅವಗೊಂದು ಕಾಗದ ಹಾಕೂಣ,” ಎನ್ನುತ್ತಿದ್ದರು. ಆಯಿ ನಗುತ್ತಿರಲಿಲ್ಲ, ಆಕೆಗೆ ಅದು ನಗುವ ವಿಷಯವಾಗಿರಲಿಲ್ಲ.

ಆಯಿ ರೇಡಿಯೋ ಮೊದಲು ಕೇಳಿದ್ದು ಕಾಖಂಡಕಿಯಲ್ಲಿ. ಅಲ್ಲಿ ನಮ್ಮ ಹೊಲವಿತ್ತು. ಪಂಚಾಯತಿಗೆ ಸರಕಾರದವರು ಒಂದು ಪೆಟ್ಟಿಗೆ ಕೊಟ್ಟಿದ್ದರಂತೆ, ಸಂಜೆ ಅದನ್ನು ಕಟ್ಟೆಯ ಮೇಲಿಟ್ಟು ಹಚ್ಚಿದರೆ ಗಂಡಸರೆಲ್ಲ ಸುತ್ತ ಕೂತು ರೈತರ ಕಾರ್ಯಕ್ರಮ ಕೇಳುತ್ತಿದ್ದರಂತೆ. ಹೆಂಗಸರು ಕಟ್ಟೆಯ ಬಳಿ ಹೋಗುವಂತಿರಲಿಲ್ಲ. ಆಯಿ ಮತ್ತು ಆಕೆಯ ಓರಗಿತ್ತಿ ಗುಡಿಯ ಗೋಡೆಯ ಹಿಂದೆ, ಕಸದ ಬುಟ್ಟಿ ತಲೆಯ ಮೇಲೆ ಹೊತ್ತುಕೊಂಡೇ ನಿಂತು, ಯಾರೋ ಕಾಣದವರು ನಮ್ಮದೇ ಮಾತಿನಲ್ಲಿ ಬಿಳಿಜೋಳದ ಬಿತ್ತನೆಯ ಬಗ್ಗೆ ಹರಟುವುದನ್ನು ಕೇಳುತ್ತಿದ್ದರಂತೆ. ವಿಜಾಪುರಕ್ಕೆ ಬಂದ ಮೇಲೆ ರೇಡಿಯೋ ತನ್ನ ಪಡಸಾಲೆಯಲ್ಲೇ ಇದೆ, ತಾನು ಅದರೆದುರು ಕಾಲು ಚಾಚಿ ಕೂರಬಹುದು ಎಂಬುದೇ ಆಯಿಗೆ ದೊಡ್ಡ ಸಂಗತಿಯಾಗಿತ್ತು. ಬೆಳಿಗ್ಗೆ ‘ಧಾರವಾಡ ಹಚ್ಚರಿ’ ಎಂದು ಆಕೆಯೇ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ಆಕಾಶವಾಣಿಯ ಆ ತಂತಿಯ ನಾದ ಮೊದಲು ಬರುವುದು, ಆಮೇಲೆ ವಚನ, ಆಮೇಲೆ ದಿಲ್ಲಿಯಿಂದ ಕನ್ನಡ ವಾರ್ತೆ, ಪೇಟೆಯ ಧಾರಣೆ, ಹವಾಮಾನ. ಮಳೆ ಬರುವುದೆಂದು ಹೇಳಿದ ದಿನ ಆಯಿ ಹಿತ್ತಿಲಿನಲ್ಲಿ ಒಣಹಾಕಿದ ಸೆಗಣಿಯ ಕುರುಳನ್ನೆಲ್ಲ ಒಳಗೆ ತೆಗೆದಿಡುತ್ತಿದ್ದಳು. ಮಳೆ ಬಾರದಿದ್ದರೆ ತಪ್ಪು ಮಳೆಯದು, ರೇಡಿಯೋದ್ದಲ್ಲ. ವರ್ಷಕ್ಕೊಮ್ಮೆ ಅಪ್ಪ ರೇಡಿಯೋದ ಲೈಸೆನ್ಸು ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋಗುವಾಗ ಆಯಿ ಆ ಪುಸ್ತಕಕ್ಕೆ ಅರಿಷಿಣ ಹಚ್ಚಿ ಕೊಡುತ್ತಿದ್ದಳು. ಅಲ್ಲಿಯ ಗುಮಾಸ್ತರು ಅದನ್ನು ನೋಡಿ ಏನೆಂದುಕೊಂಡರೋ.

ಅಪ್ಪ ಕೆಟ್ಟವನಾಗಿರಲಿಲ್ಲ, ಇದನ್ನು ಹೇಳಿಯೇ ಮುಂದಕ್ಕೆ ಹೋಗಬೇಕು. ಆದರೆ ಆತನಿಗೆ ಪತ್ರಿಕೆಯ ಮುಂದೆ ಬೇರೇನೂ ಕಾಣುತ್ತಿರಲಿಲ್ಲ. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದ ವರ್ಷ, ಬೇಸಿಗೆ ಇನ್ನೂ ಶುರುವಾಗುತ್ತಿದ್ದ ದಿನಗಳಲ್ಲಿ, ನಿಧಾನದ ವಾರ್ತೆಯ ನಟ್ಟನಡುವೆ ನನ್ನ ಕೈಯಿಂದ ಹಿತ್ತಾಳೆಯ ತಂಬಿಗೆ ಜಾರಿ ಫರ್ಸಿಯ ಕಲ್ಲುನೆಲದ ಮೇಲೆ ಬಿತ್ತು. ಬಿದ್ದದ್ದಷ್ಟೇ ಅಲ್ಲ, ಗೋಡೆಯ ತನಕ ಉರುಳಿಕೊಂಡು ಹೋಯಿತು. ಮೊದಲ ಸಲ ಹೇಳಿದ್ದೂ ಹೋಯಿತು, ಎರಡನೆಯ ಸಲ ಹೇಳಿದ್ದೂ ಹೋಯಿತು. ಅಂದಿನ ಪತ್ರಿಕೆಯಲ್ಲಿ ಒಂದು ಸುದ್ದಿ ಅರ್ಧಕ್ಕೇ ನಿಂತಿತು, ಮರುದಿನ ಸ್ಟೇಷನ್ ರಸ್ತೆಯ ಚಹಾದ ಅಂಗಡಿಯಲ್ಲಿ ಜನ ಅಪ್ಪನನ್ನು ಕಾಡಿದರು. ಅಪ್ಪ ನನಗೇನೂ ಅನ್ನಲಿಲ್ಲ. ಅತ್ತಿಯನ್ನು ಕರೆದು, ಎಲ್ಲರೂ ಕೇಳುವಂತೆ, “ಇನ್ನೊಮ್ಮೆ ಹಿಂಗಾದ್ರ ಕಾಲೇಜ ಕಲತ ಹುಡುಗನ್ನ ಒಬ್ಬನ್ನ ಇಟ್ಕೋತೀನಿ ಗೌರಾ. ನೀ ಅಡಗೀಮನಿ ನೋಡ್ಕೊಂಡು ಇದ್ದುಬಿಡು,” ಎಂದ. ಅತ್ತಿ “ಆತಣ್ಣ” ಎಂದಳು. ತಂಬಿಗೆ ಬೀಳಿಸಿದ್ದು ಕಸ್ತೂರಿ ಎಂದು ಆಕೆ ಹೇಳಲಿಲ್ಲ. ಕಸ್ತೂರಿ ಎಂದರೆ ನಾನು.

ಅಂದು ಸಂಜೆ ಆಯಿ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಎಣ್ಣೆ ಹಚ್ಚುವಾಗ ಆಯಿ ಹೇಳಿದ ಮಾತು ನೆತ್ತಿಯೊಳಗೆ ಇಳಿದುಬಿಡುತ್ತಿತ್ತು. “ನಿಮ್ಮತ್ತಿ ಹೊಟ್ಟಿಗೆ ಒಂದು ಕೂಸಿಲ್ಲ, ತಲಿಗೆ ಒಂದು ಸೂರಿಲ್ಲ. ಆ ಬರವಣಿಗಿ ಐತಂತ ಆಕಿ ಈ ಮನ್ಯಾಗ ತಲಿ ಎತ್ತಿ ಅಡ್ಡಾಡತಾಳ. ಅದೂ ಹೋದ್ರ ಬರೇ ರೊಟ್ಟಿ ಬಡಿಯಾಕಿ ಆಗ್ತಾಳ ನೋಡವ್ವಾ. ಇನ್ನ ಮ್ಯಾಲ ಏನ ಆಗಲಿ, ಆ ಹೊತ್ತಿನ್ಯಾಗ ನೀ ಉಸರ ಎತ್ತಬ್ಯಾಡ,” ಎಂದಳು. ನಾನು ಎತ್ತುವುದಿಲ್ಲ ಎಂದೆ. ಒಂಬತ್ತು ವರ್ಷದವಳು ಕೊಡುವ ಮಾತು ಎಷ್ಟು ಗಟ್ಟಿ ಇರುತ್ತದೆ ಎಂದು ದೊಡ್ಡವರಿಗೆ ಗೊತ್ತಿರುವುದಿಲ್ಲ.

ಅದಾಗಿ ಎಂಟು ಹತ್ತು ದಿನಕ್ಕೆ ದಿಲ್ಲಿಯ ಸರಕಾರ ಬಿತ್ತು. ಚುನಾವಣೆಯ ಎಣಿಕೆ ಮುಗಿಯುತ್ತ ಬಂದಿತ್ತು, ಊರೆಲ್ಲ ರೇಡಿಯೋಗಳ ಸುತ್ತ ಮುತ್ತಿಕೊಂಡಿತ್ತು. ಅಂಥ ದಿನ ಅಪ್ಪನ ಜೀವಮಾನದಲ್ಲಿ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಹೆಚ್ಚಿನ ಕಾಗದ ತರಿಸಿಟ್ಟಿದ್ದ. ಬೆಳಗಿನಿಂದ ಪ್ರೆಸ್ಸಿನ ಮುಂದೆ ಜನ ಜಮಾಯಿಸಿದ್ದರು, ಮಧ್ಯಾಹ್ನ ಅಪ್ಪ ಕೆಂಪು ಬಟ್ಟೆ ಕಟ್ಟಿ, ಅವರನ್ನೆಲ್ಲ ಕೈಮುಗಿದು ಸುಮ್ಮನಾಗಿಸಿ, ಹೊರಗೆ ಕಟ್ಟೆಯ ಮೇಲೆ ತಾನೂ ಅವರ ಜೊತೆ ನಿಂತ. ಚಾಚಾ ಪ್ರೆಸ್ಸಿನೊಳಗೆ ಮೊಳೆಯ ಪೆಟ್ಟಿಗೆಗಳ ಮುಂದೆ ತಯಾರಾಗಿ ನಿಂತರು. ಪಡಸಾಲೆಯ ಬಾಗಿಲು ಮುಚ್ಚಿದರು. ಹಿತ್ತಿಲಲ್ಲಿ ನಳ ಬಂದಿತ್ತು, ಅವ್ವ ಅಲ್ಲಿದ್ದಳು. ಒಳಗೆ ಉಳಿದವರು ಮೂವರು: ರೇಡಿಯೋದ ಎದುರು ಮಣೆಯ ಮೇಲೆ ಅತ್ತಿ, ಆಕೆಯ ಬೆನ್ನ ಹಿಂದೆ ಹೊಸ್ತಿಲಲ್ಲಿ ಆಯಿ, ಇಬ್ಬರಿಗೂ ಕಾಣುವಂತೆ ಕಂಬದ ಬದಿಗೆ ನಾನು. ದೀಪ ಹತ್ತಿತು, ವಾಸನೆ ಎದ್ದಿತು, ದನಿ ಬಂತು.

ವಾರ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಆಯಿ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. ಆಕೆ ಅದನ್ನು ಎಂದೂ ಕೆಳಗಿಡದವಳಾದ್ದರಿಂದ ನಾನು ನೋಡಿದೆ. ಎದೆಯ ನಡುವೆ ಅಂಗೈ ಒತ್ತಿ ಹಿಡಿದಿದ್ದಳು. ಹಣೆಯಲ್ಲಿ, ಮೇಲ್ದುಟಿಯಲ್ಲಿ ಬೆವರು ಹನಿಗಟ್ಟಿತ್ತು. ಬಾಯಿ ತುಸು ತೆರೆದು, ಮುಚ್ಚಿ, ಮತ್ತೆ ತೆರೆದಳು. ಅದು ಏನೆಂದು ನನಗೆ ತಿಳಿಯಲಿಲ್ಲ, ಆದರೆ ಒಳ್ಳೆಯದಲ್ಲವೆಂದು ತಿಳಿಯಿತು. ನಾನು ಎದ್ದು ನಿಂತೆ. ಕೂಗಲು ಬಾಯಿ ತೆಗೆದೆ. ಆಯಿ ನನ್ನ ಕಡೆ ನೋಡಿ ತಲೆಯಾಡಿಸಿದಳು, ಎದೆಯ ಮೇಲಿದ್ದ ಕೈಯನ್ನು ಬಲು ಕಷ್ಟದಿಂದ ಎತ್ತಿ ತೋರುಬೆರಳನ್ನು ತುಟಿಯ ಮೇಲಿಟ್ಟಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ದಿನವೂ ನೋಡುವಂತೆಯೇ ನೋಡಿದಳು. ನಾನು ಕೂತೆ.

ಆಮೇಲೆ ನಾನು ಫರ್ಸಿ ನೋಡುತ್ತ ಕೂತೆ. ಈ ವಾಕ್ಯ ಮುಗಿಯಲಿ, ಪೂರ್ಣವಿರಾಮ ಅಂದ ಕೂಡಲೇ ಅತ್ತಿಗೆ ಹೇಳುತ್ತೇನೆ ಎಂದುಕೊಂಡೆ. ಪೂರ್ಣವಿರಾಮ ಬಂತು. ಅದರ ಬೆನ್ನಿಗೇ ಮುಂದಿನ ವಾಕ್ಯದ ನಾಲ್ಕು ಶಬ್ದ ಬಂದವು. ಸರಿ, ಇದು ಮುಗಿಯಲಿ ಎಂದುಕೊಂಡೆ. ಅದನ್ನು ಆತ ಎರಡನೆಯ ಸಲ ಹೇಳಿದ. ತಡೆದ. ಮತ್ತೆ ನಾಲ್ಕು ಶಬ್ದ. ಹೀಗೆ ಎಷ್ಟು ವಾಕ್ಯ ಹೋದವೋ ಗೊತ್ತಿಲ್ಲ. ಯಾರು ಗೆದ್ದರು, ಯಾರು ಸೋತರು ಎಂದು ಆತ ಹೇಳುತ್ತಿದ್ದದ್ದು ನನ್ನ ಕಿವಿಯ ಮೇಲೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ ತಲೆಯೆತ್ತಿ ನೋಡಿದೆ. ಆಯಿ ಗೋಡೆಗೆ ಒರಗಿ ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಹೆರಿಗೆಯ ಹೆಂಗಸರು ಕೂಗು ಹೊರಗೆ ಕೇಳಬಾರದೆಂದು ಹಾಗೆ ಮಾಡುತ್ತಿದ್ದರೆಂದು ಬಹಳ ವರ್ಷಗಳ ಮೇಲೆ ಯಾರೋ ಹೇಳಿದರು. ನಾನು ಮತ್ತೆ ಫರ್ಸಿ ನೋಡಿದೆ. ಫರ್ಸಿಯ ಸಂದಿನಲ್ಲಿ ಇರುವೆಗಳ ಸಾಲೊಂದು ಹೋಗುತ್ತಿತ್ತು, ಅದು ಈಗಲೂ ಕಣ್ಣಿಗೆ ಕಟ್ಟಿದೆ.

ವಾರ್ತೆ ಮುಗಿಯಿತು. ಅತ್ತಿ ಪೆನ್ನಿಗೆ ಮುಚ್ಚಳ ಹಾಕಿದಳು. ಎಂದಿನಂತೆ ಎದ್ದು ಬಾಗಿಲ ಕಡೆ ಹೋಗಲಿಲ್ಲ. ರೇಡಿಯೋದ ಕಡೆಗೇ ಮುಖ ಮಾಡಿ, ಹಿಂದೆ ಹೊರಳದೆ, “ಅವ್ವಾ,” ಎಂದಳು. ಇನ್ನೊಮ್ಮೆ “ಅವ್ವಾ” ಎಂದಳು. ಆಮೇಲೆ ಎದ್ದಳು.

ಸ್ಟೇಷನ್ ರಸ್ತೆಯಿಂದ ಡಾಕ್ಟರರನ್ನು ಚಾಚಾ ಸೈಕಲ್ಲಿನ ಮೇಲೆ ಹಿಂದೆ ಕೂರಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರರು ಆಯಿಯ ರೆಪ್ಪೆ ಬಿಡಿಸಿ ನೋಡಿ, ಕೈ ಕೆಳಗಿಟ್ಟು, ಯಾವಾಗ ಸುರುವಾಯಿತು ಎಂದು ಕೇಳಿದರು. ಅಪ್ಪ ಒಬ್ಬೊಬ್ಬರ ಮುಖ ನೋಡಿ, “ಯಾರೂ ನೋಡಲಿಲ್ಲೇನು?” ಎಂದ. ತಾನು ನಳದ ಹತ್ತಿರ ಇದ್ದೆ ಎಂದು ಅವ್ವ ಅತ್ತಳು. “ನಾ ಬರಿಯಾಕತ್ತಿದ್ನಿ,” ಎಂದಳು ಅತ್ತಿ. ಅಪ್ಪನ ಕಣ್ಣು ನನ್ನ ಮೇಲೆ ಬಂತು. “ನಾ ಆಡಾಕತ್ತಿದ್ನಿ,” ಎಂದೆ. ನಾನು ಆಡುವುದಕ್ಕೆ ಅಲ್ಲಿ ಒಂದು ಹರಳು ಸಹ ಇರಲಿಲ್ಲ. ಯಾರೂ ಅದನ್ನು ನೋಡಲಿಲ್ಲ. ಅರ್ಧ ತಾಸು ಮೊದಲು ತಿಳಿದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದು ಡಾಕ್ಟರರು ಹೋಗುವಾಗ ಅಪ್ಪನಿಗೆ ಮೆಲ್ಲಗೆ ಹೇಳಿದರು. ಪಡಸಾಲೆ ಅಷ್ಟು ಮೌನವಾಗಿದ್ದರಿಂದ ನನಗೂ ಕೇಳಿಸಿತು.

ಪತ್ರಿಕೆ ಅಂದು ನಿಲ್ಲಲಿಲ್ಲ. ಅಪ್ಪ ಬಹಳ ಹೊತ್ತು ಆಯಿಯ ಕಾಲ ಬಳಿ ಕೂತಿದ್ದು, ಆಮೇಲೆ ಎದ್ದು, ಮಣೆಯ ಮೇಲೆ ಬಿದ್ದಿದ್ದ ಕಾಗದದ ಪಟ್ಟಿಗಳನ್ನು ಎತ್ತಿ ಚಾಚಾನ ಕೈಗೆ ಕೊಟ್ಟ. ಚಾಚಾ ತೆಗೆದುಕೊಳ್ಳಲಿಲ್ಲ. “ಮಾಲಕ್ರ, ಇವತ್ತ ಬ್ಯಾಡ್ರಿ,” ಎಂದರು. “ಆಕಿ ಇದ್ದಿದ್ರ ಟ್ರೆಡಲ್ ಹಚ್ಚರಿ ಅಂತಿದ್ದಳು ದಸ್ತಗೀರ,” ಎಂದ ಅಪ್ಪ. ಚಾಚಾ ಪಟ್ಟಿಗಳನ್ನು ತೆಗೆದುಕೊಂಡು ಹೋದರು. ಒಳಗೆ ಓಣಿಯ ಹೆಂಗಸರು ಹಾಡಿ ಹಾಡಿ ಅಳುತ್ತಿದ್ದರು, ಮುಂದಿನ ಖೋಲಿಯಲ್ಲಿ ಟ್ರೆಡಲ್ ದಡ್ ದಡ್ ಎನ್ನುತ್ತಿತ್ತು, ಹೊರಗೆ ಜನ ಒದ್ದೆ ಶಾಯಿಯ ಪತ್ರಿಕೆಗಳನ್ನು ಕಸಿದುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಒಂದು ಪ್ರತಿಯೂ ಉಳಿಯಲಿಲ್ಲ. ಕೊನೆಯ ಪುಟದ ಮೂಲೆಯಲ್ಲಿ ಚಾಚಾ ಯಾರೂ ಹೇಳದೆ ತಾವೇ ಒಂದು ಚೌಕಟ್ಟು ಕಟ್ಟಿ ಆಯಿಯ ಹೆಸರು ಜೋಡಿಸಿದ್ದರು. ಮರುದಿನ ಬೆಳಿಗ್ಗೆ ಲಾರಿಯಲ್ಲಿ ಕಾಖಂಡಕಿಗೆ ಒಯ್ದು ನಮ್ಮ ಹೊಲದ ಬದುವಿನಲ್ಲಿ ಆಯಿಯನ್ನು ಮಣ್ಣಿಗಿಟ್ಟು ಬಂದೆವು.

ನನಗೆ ಅಳು ಬರಲಿಲ್ಲ. ಊರಿನ ಹೆಂಗಸರು ನನ್ನ ಗಲ್ಲ ಹಿಡಿದು, “ಅಳವ್ವಾ, ಒಮ್ಮೆ ಅತ್ತಬಿಡು, ಒಳಗ ಇಟ್ಕೋಬ್ಯಾಡ,” ಎಂದರು. ಒಳಗೆ ಇಟ್ಟುಕೊಂಡಿದ್ದೇನೆ ಎನ್ನುವುದಕ್ಕೆ ಒಳಗೆ ಏನಾದರೂ ಇರಬೇಕಿತ್ತು. ಬಹಳ ಹೊತ್ತು ಕಾಲು ಮಡಿಸಿ ಕೂತಾಗ ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಅದು ನಮ್ಮದಲ್ಲ ಎನ್ನಿಸುತ್ತದಲ್ಲ, ನನಗೆ ನಾನು ಹಾಗೆ ಆಗಿದ್ದೆ. ಹಸಿವಾದರೆ ಉಂಡೆ, ಹೊತ್ತಿಗೆ ಮಲಗಿದೆ, ಶಾಲೆಗೆ ಹೋದೆ, ಪರೀಕ್ಷೆಯಲ್ಲಿ ಪಾಸಾದೆ. ಆಯಿ ಹೋದ ಮೂರನೆಯ ದಿನ ಮಧ್ಯಾಹ್ನ ಅತ್ತಿ ಮತ್ತೆ ಮಣೆಯ ಮೇಲೆ ಕೂತು ರೇಡಿಯೋದ ಕಿವಿ ತಿರುವಿದಳು. ತಾಯಿ ಸತ್ತು ಮೂರು ದಿನವಾಗಿಲ್ಲ, ಎಂಥ ಕಲ್ಲೆದೆಯವಳು ಎಂದು ಓಣಿ ಆಡಿಕೊಂಡಿತು. ನಾನು ಕಂಬದ ಬದಿಗೆ ಕೂರುವುದನ್ನು ಬಿಟ್ಟು, ಆ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಲ್ಲತೊಡಗಿದೆ. ಹೊಸ್ತಿಲಲ್ಲಿ ಕಾವಲು ಇರಲಿಲ್ಲವಾದರೂ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆಮೇಲಾಮೇಲೆ ವಾರ್ತೆ ಮುಗಿದ ಮೇಲೂ ಹೆಚ್ಚು ಮಾತಾಡುವುದು ನಿಂತುಹೋಯಿತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಆಯಿ ಯಾವ ಬರವಣಿಗೆಗಾಗಿ ಬಾಯೊಳಗೆ ಸೆರಗು ಇಟ್ಟುಕೊಂಡಳೋ ಆ ಬರವಣಿಗೆ ಇನ್ನೆರಡು ವರ್ಷವಷ್ಟೇ ನಡೆಯಿತು. ಹುಬ್ಬಳ್ಳಿಯ ಪತ್ರಿಕೆಗಳು ಬೇಗ ಬರತೊಡಗಿದವು, ಅಪ್ಪನಿಗೆ ಕಾಗದ ಕೊಳ್ಳುವುದು ಭಾರವಾಯಿತು, ಒಂದು ಯುಗಾದಿಯ ಹಿಂದಿನ ದಿನ ಪತ್ರಿಕೆ ನಿಂತಿತು. ಪ್ರೆಸ್ಸಿನಲ್ಲಿ ಮದುವೆಯ ಕಾರ್ಡು, ರಸೀದಿ ಪುಸ್ತಕ ಅಚ್ಚಾಗತೊಡಗಿದವು. ಚಾಚಾ ಕಣ್ಣು ಮಂಜಾಗಿ ತಿಕೋಟಾಕ್ಕೆ ಮಗನ ಹತ್ತಿರ ಹೋದರು. ಅತ್ತಿಗೆ, ಯಾರೂ ಎಣಿಸಿರಲಿಲ್ಲ, ಆ ಹಿಂದಿ ಪರೀಕ್ಷೆಗಳೇ ಕೈಹಿಡಿದು ಬಬಲೇಶ್ವರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಅದೇ ಟ್ರಂಕು ಹಿಡಿದು, ನೆಟ್ಟಗೆ ನಡೆದು ಬಸ್ಸು ಹತ್ತಿದಳು. ತಲೆಯೆತ್ತಿ ಅಡ್ಡಾಡಲು ಆಕೆಗೆ ನಮ್ಮ ಪಡಸಾಲೆಯೇ ಬೇಕಿರಲಿಲ್ಲ ಎಂದು ನನಗೆ ಆಗ ಹೊಳೆಯಿತು, ಹೊಳೆದದ್ದರಿಂದ ಏನೂ ಆಗಲಿಲ್ಲ. ಅಪ್ಪ ಹೋದ ಮೇಲೆ ಮನೆ ಮಾರಿದೆವು. ಅಲ್ಲೀಗ ಮೊಬೈಲು ದುರಸ್ತಿ ಮಾಡುವವರ ನಾಲ್ಕು ಮಳಿಗೆಗಳಿವೆ, ಓಣಿಯಲ್ಲಿ ಒಂದು ಗಳಿಗೆಯೂ ಸಪ್ಪಳ ನಿಲ್ಲುವುದಿಲ್ಲ.

ಅತ್ತಿ ತೀರಿಕೊಳ್ಳುವ ಹಿಂದಿನ ವರ್ಷ ನಾನು ಬಬಲೇಶ್ವರಕ್ಕೆ ಹೋಗಿದ್ದೆ. ಆಕೆ ನಿವೃತ್ತಳಾಗಿ ಎಷ್ಟೋ ವರ್ಷವಾಗಿತ್ತು. ತಾನೇ ಕಟ್ಟಿಸಿದ ಎರಡು ಖೋಲಿಯ ಮನೆ, ಹಳೆಯ ವಿದ್ಯಾರ್ಥಿನಿಯರು ಬಂದು ಹೋಗಿ ಮಾಡುತ್ತಿದ್ದರು, ಅತ್ತಿ ಸುಖವಾಗಿಯೇ ಇದ್ದಳು. ಮಧ್ಯಾಹ್ನದ ಊಟ ಮುಗಿಸಿ ಇಬ್ಬರೂ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆವು. ಆಯಿಯ ಮಾತೇನೂ ಬಂದಿರಲಿಲ್ಲ. ನನಗೂ ನಲವತ್ತು ದಾಟಿತ್ತು, ಗಂಡನಿಗೂ ಹೇಳದ ಮಾತು ಅಂದು ಯಾಕೆ ಬಾಯಿಗೆ ಬಂತೋ ತಿಳಿಯದು.

“ಅತ್ತಿ, ಆಯಿಗೆ ಅವತ್ತ ತ್ರಾಸ ಆದಾಗ ನಾ ನೋಡಿದ್ನಿ,” ಎಂದೆ. “ಆಡಾಕತ್ತಿದ್ನಿ ಅಂತ ಅಪ್ಪಗ ಸುಳ್ಳ ಹೇಳಿದ್ನಿ. ಒದರಬೇಕಂತ ಬಾಯಿ ತಗದಿದ್ನಿ. ಆಯಿ ಬ್ಯಾಡ ಅಂತ ಬೆರಳ ತೋರಿಸಿದಳು.”

ಅತ್ತಿಯ ಕೈ ನಿಲ್ಲಲಿಲ್ಲ. ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. “ಗೊತ್ತೈತಿ,” ಎಂದಳು.

ಹೇಗೆ ಗೊತ್ತು ಎನ್ನುವಂತೆ ನಾನು ಆಕೆಯ ಮುಖ ನೋಡಿದೆ.

“ನೀ ಎದ್ದ ನಿಂತಿ, ಮತ್ತ ಕುಂತಿ. ಯಾಕ ಎದ್ದಳು ಈ ಹುಡುಗಿ ಅಂತ ಹೊಳ್ಳಿ ನೋಡೀನಿ. ರೇಡಿಯೋದಾಂವ ಆವಾಗ ಒಮ್ಮೆ ಹೇಳಿ ತಡದಿದ್ದ. ಅವ್ವ ನನ್ನ ನೋಡಿದಳು. ಬರಿ, ಬರಿ ಅಂತ ಕೈ ಮಾಡಿದಳು. ಅಂವ ಎರಡನೇ ಸಲ ಹೇಳಾಕ ಸುರು ಮಾಡಿದ. ನಾ ಹೊಳ್ಳಿ ಬರದ್ನಿ.” ಮೊರವನ್ನು ಒಮ್ಮೆ ಕೇರಿದಳು, ಹೊಟ್ಟು ಹಾರಿ ಬಾಗಿಲಾಚೆ ಬಿತ್ತು. “ಕಡೀತನಕ ಬರದ್ನಿ ಕಸ್ತೂರಿ. ಅವತ್ತಿನಷ್ಟು ಚೊಲೋ ಯಾವತ್ತೂ ಬರದಿಲ್ಲ ಅಂತ ದಸ್ತಗೀರಣ್ಣ ಆಮ್ಯಾಲ ಹೇಳಿದ, ಒಂದ ತಪ್ಪಿರಲಿಲ್ಲಂತ.”

ನನಗೆ ಅಳು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಆಕೆಗೂ ಬರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಅಂಜಿಕೊಂಡು ಬದುಕಿದ್ದೆವು ಎಂದು ಯೋಚಿಸುತ್ತಿದ್ದೆ. ಓಣಿಯಲ್ಲಿ ಯಾರದೋ ಎತ್ತಿನ ಗಾಡಿ ಹೋಯಿತು. ಸಮಾಧಾನಕ್ಕೆ ಏನಾದರೂ ಹೇಳಬೇಕೆಂದು, “ನೀ ಬರಿಯೂದು ಬಿಟ್ಟ ಎದ್ದಿದ್ರ ಆಯಿ ನಿನಗ ಬೈತಿದ್ದಳು ಅತ್ತಿ,” ಎಂದೆ.

ಅತ್ತಿ ಮೊರವನ್ನು ಕೆಳಗಿಟ್ಟಳು. “ಹೌದವ್ವಾ, ಬೈತಿದ್ದಳು,” ಎಂದಳು. “ಬೈಸ್ಕೊಂಡು ಏಳಬೇಕಾಗಿತ್ತು ನಾ.”